ಅರ್ತಿಂಗಿಗೆ ನೀರು

ಶಹನಾಝಳಿಗೆ ತನ್ನ ಕಿವಿಯ ಮೇಲೆ ಬಲು ಜಂಬ. ಜಂಬಕ್ಕೆ ಕಾರಣವೂ ಇತ್ತೆನ್ನಿ. ಕಿವಿ ಮತ್ತು ಮಾತಿನ ವಿದ್ಯೆಯನ್ನೇ ಓದಿ ಪದವಿ ಪಡೆದವಳು; ಮಂಗಳೂರಿನ ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಕಿವಿ ಕೇಳದ ಮಕ್ಕಳಿಗೆ ಕೆಲವು ವರ್ಷ ಮಾತು ಕಲಿಸಿದವಳು. ಕುಕ್ಕರಿನ ಸೀಟಿಯ ಸ್ವರ ಕೇಳಿಯೇ ವಾಷರ್ ಹಳತಾಗಿದೆ ಎನ್ನುತ್ತಾಳೆ. ಗಂಡ ಸಿದ್ದೀಕನ ಸ್ಕೂಟರು ಆಚೆ ತಿರುವಿನಲ್ಲಿರುವಾಗಲೇ ಚಹಾಕ್ಕೆ ನೀರಿಡುತ್ತಾಳೆ. ಇಂಥವಳ ಕಿವಿಯ ಬುಡದಲ್ಲೇ ಒಂದು ಸದ್ದು ತಿಂಗಳುಗಟ್ಟಲೆ ಬಿಡಾರ ಹೂಡಿ ಕೂತಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಳೆದ ವರ್ಷ ಮದುವೆಯಾಗಿ ಪಡೀಲಿನ ಈ ಮನೆಗೆ ಬಂದ ಮೇಲೆ ಅವಳು ಆಸ್ಪತ್ರೆ ಬಿಟ್ಟು ಮನೆಯಲ್ಲೇ ಪಾಠ ಆರಂಭಿಸಿದಳು. ಮನೆಯಲ್ಲಿ ಬ್ಯಾರಿ ಮಾತಾಡುವ ಮಗುವಿಗೆ ಮೊದಲ ಮಾತನ್ನು ಇಂಗ್ಲಿಷಿನಲ್ಲಿ ಕಲಿಸುವುದೆಂದರೆ ಹಾಲು ಕುಡಿಯುವ ಕೂಸಿಗೆ ಕಡಲೆ ಕೊಟ್ಟ ಹಾಗೆ ಎಂಬುದು ಅವಳ ವಾದ. ಅವಳು ಬ್ಯಾರಿಯಲ್ಲೇ ಕಲಿಸುತ್ತಿದ್ದಳು. ಅದಕ್ಕಾಗಿ ದೂರದೂರದಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಪಾಠಕ್ಕೆಂದು ಎದುರಿನ ಕೋಣೆಯನ್ನು ಬಿಟ್ಟುಕೊಟ್ಟವರು ಮಾವ ಅಬ್ದುಲ್ ರಹ್ಮಾನ್. ಅವರು ಅರ್ಧ ಆಯುಷ್ಯವನ್ನು ಶಾರ್ಜಾದಲ್ಲಿ ಎಲೆಕ್ಟ್ರೀಷಿಯನ್ ಆಗಿ ಕಳೆದವರು. ರಜೆಗೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಈ ಮನೆಯ ವೈರಿಂಗನ್ನು ತಮ್ಮ ಕೈಯಾರೆ ಮಾಡಿದವರು. ಬೇರೆಯವರು ಗಲ್ಫಿನಿಂದ ಕಂಬಳಿ, ಅತ್ತರು, ಹಾಲಿನ ಪುಡಿ ತರುವಾಗ ಇವರ ಪೆಟ್ಟಿಗೆಯಿಂದ ಸ್ವಿಚ್ಚು, ಸಾಕೆಟ್ಟು, ತಾಮ್ರದ ವೈರು ಹೊರಬೀಳುತ್ತಿದ್ದವು. "ಇಡೀ ಪಡೀಲಿನಲ್ಲಿ ಇಂಥ ವೈರಿಂಗ್ ಇಲ್ಲ" ಎಂಬುದು ಅವರ ಬಾಯಿಪಾಠ. ಮದುವೆಯ ಮಾತುಕತೆಗೆ ಬಂದ ಶಹನಾಝಳ ತಂದೆಗೆ ಅವರು ಶರಬತ್ತು ಕೊಡುವ ಮೊದಲು ಮೈನ್ ಬೋರ್ಡು ತೋರಿಸಿದ್ದರು. ಬೀಗರು ತಲೆದೂಗಿದ್ದರು, ಬೇರೆ ದಾರಿಯಿರಲಿಲ್ಲ.

ಇನ್ನು ಈ ಕತೆಯ ಮಗು ಮರ್ವಾ. ನಾಲ್ಕು ವರ್ಷದವಳು, ಉಳ್ಳಾಲದವಳು, ಎರಡೂ ಕಿವಿಗೆ ಗುಲಾಬಿ ಬಣ್ಣದ ಯಂತ್ರ. ಅವಳಿಗೆ ಹುಟ್ಟಿನಿಂದಲೇ ಕೇಳುವುದು ಬಹಳ ಕಡಿಮೆ. ಇರುವ ಅಷ್ಟಿಷ್ಟು ಶಕ್ತಿಯೂ ದಪ್ಪ ಸ್ವರಗಳಿಗೆ ಮಾತ್ರ. ಹಕ್ಕಿಯ ಚಿಲಿಪಿಲಿ ಅವಳ ಪಾಲಿಗೆ ಇಲ್ಲ. ಲಾರಿಯ ಗುಡುಗುಡು ಇದ್ದರೂ ಇದ್ದೀತು. ಹಾಗೆಂದೇ ಶಹನಾಝ್ ಕಂಪ್ಯೂಟರಿಗೆ ದಪ್ಪ ಸ್ವರದ ದೊಡ್ಡ ಪೆಟ್ಟಿಗೆಯಿರುವ ಸ್ಪೀಕರ್ ಸೆಟ್ಟು ತರಿಸಿದ್ದಳು. ಚಿಕ್ಕ ಪೆಟ್ಟಿಗೆಗಳು ಮೇಜಿನ ಮೇಲೆ, ದೊಡ್ಡದು ಮೇಜಿನ ಕೆಳಗೆ, ಮಗು ಕೂರುವ ಚಾಪೆಯ ಪಕ್ಕದಲ್ಲೇ. ಬೇರೆ ಮಕ್ಕಳಿಗೆ ಚಿಕ್ಕವೇ ಸಾಕಾಗುತ್ತಿದ್ದವು. ದೊಡ್ಡದರ ಸ್ವಿಚ್ಚು ಹಾಕುವುದು ಮರ್ವಾ ಬಂದಾಗ ಮಾತ್ರ.

ಪಾಠದ ಮೊದಲ ಮೆಟ್ಟಿಲು ಒಂದು ಆಟ. ಮಗು ಒಂದು ಹುಣಸೆಬೀಜವನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು ಕೂರಬೇಕು. ಕಂಪ್ಯೂಟರಿನಿಂದ ಸದ್ದು ಬಂದಾಗ ಬೀಜವನ್ನು ಬಟ್ಟಲಿಗೆ ಹಾಕಬೇಕು, ಬಾರದಿದ್ದರೆ ಕಾಯಬೇಕು. ಕೇಳುವುದೆಂದರೇನೆಂದು ಮಗುವಿಗೆ ಗೊತ್ತಾಗುವುದು ಹೀಗೆ. ಉಳಿದ ಮಕ್ಕಳು ಒಂದೆರಡು ವಾರದಲ್ಲಿ ಈ ಆಟ ಕಲಿತು ಮುಂದೆ ಹೋದರು. ಮರ್ವಾ ಮಾತ್ರ ಸದ್ದು ಬರಲಿ ಬಿಡಲಿ, ಕೋಳಿಗೆ ಅಕ್ಕಿ ಹಾಕಿದ ಹಾಗೆ ಒಂದಾದ ಮೇಲೊಂದು ಬೀಜ ಹಾಕುತ್ತಲೇ ಇದ್ದಳು. ಬಟ್ಟಲು ತುಂಬಿದರೆ ಬರಿದು ಮಾಡಿ ಮತ್ತೆ ಹಾಕುವಳು. ಶಹನಾಝ್ ತಾಳ್ಮೆಯಿಂದಲೇ ನೋಡಿದಳು. ಆಮೇಲೆ, ಮಗುವಿಗೆ ಗಮನ ನಿಲ್ಲುವುದಿಲ್ಲ ಎಂದು ತೀರ್ಮಾನಿಸಿದಳು. ಆ ಮಾತನ್ನು ಮಗುವಿನ ತಾಯಿ ಆರಿಫಾಳಿಗೂ ಹೇಳಿದ್ದಳು, ಆರಿಫಾ ಮನೆಯಲ್ಲಿ ಹೇಳಿದ್ದಳು. ಬಾಯಿಯಿಂದ ಬಾಯಿಗೆ ಹೋಗುವಾಗ ಮಾತು ಬೆಳೆಯುತ್ತದಷ್ಟೆ. ಉಳ್ಳಾಲ ತಲುಪುವಷ್ಟರಲ್ಲಿ ಅದು "ಮಗುವಿಗೆ ಬುದ್ಧಿಯೂ ಸಾಲದು" ಎಂದಾಗಿತ್ತು.

ಏಪ್ರಿಲಿನ ಒಂದು ಮಂಗಳವಾರ ಆರಿಫಾ ಬಾಗಿಲಲ್ಲಿ ಚಪ್ಪಲಿ ಕಳಚುವಾಗಲೇ ಅವಳ ಮುಖ ಬಾಡಿತ್ತು.

"ಟೀಚರ್, ಈ ವಾರವೇ ಕೊನೆ ಅಂತ ಕಾಣ್ತದೆ," ಎಂದಳು. "ಶುಕ್ರವಾರ ಹಸನಬ್ಬ ಕಾಕ ಅವರೇ ಬಂದು ನೋಡ್ತಾರಂತೆ. ಬೀಜ ಹಾಕುವ ಆಟ ಒಂದನ್ನಾದ್ರೂ ಸರಿ ಆಡಿದ್ರೆ ಮುಂದೆ ಕಳಿಸುವ, ಇಲ್ಲದಿದ್ರೆ ಸಾಕು ಮಾಡುವ ಅಂತ. ಕೇಳದ ಮಗುವಿಗೆ ಸುಮ್ಮನೆ ಯಾಕೆ ಉಪದ್ರ ಕೊಡುದು ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?"

ಆರಿಫಾಳ ಗಂಡ ಶಿಹಾಬ್ ಗಲ್ಫಿನ ದಮ್ಮಾಮಿನಲ್ಲಿದ್ದ. ಅವನ ಅಣ್ಣನೇ ಈ ಹಸನಬ್ಬ ಕಾಕ, ಮನೆಯ ಯಜಮಾನರು, ಮೀನಿನ ವ್ಯಾಪಾರಿ. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ, ಮರ್ವಾಳ ಕಿವಿಯ ಯಂತ್ರಕ್ಕೆ ಓಡಾಡಿದವರೂ ಅವರೇ. ಆದರೆ ಕಿವಿರು ಎತ್ತಿ ನೋಡದೆ ಒಂದು ಬುಟ್ಟಿ ಮೀನು ಕೊಂಡವರಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು.

"ಬರ್ಲಿ, ನೋಡ್ಲಿ," ಎಂದಳು ಶಹನಾಝ್. ಅವಳ ಸ್ವರದಲ್ಲಿ ಧೈರ್ಯವಿತ್ತು, ಎದೆಯಲ್ಲಿ ಅಷ್ಟಿರಲಿಲ್ಲ.

ಆರಿಫಾ ಎಂದಿನಂತೆ ಹೊರಗೆ ಜಗಲಿಯಲ್ಲಿ ಕೂತಳು. ಒಳಗೆ ಆಟ ಶುರುವಾಯಿತು. ಸದ್ದು ಬಂತು, ಮರ್ವಾ ಬೀಜ ಹಾಕಿದಳು. ಸದ್ದು ನಿಂತಿತು, ಮರ್ವಾ ಬೀಜ ಹಾಕಿದಳು. ಮತ್ತೊಂದು, ಮಗದೊಂದು. ಶಹನಾಝಳಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಕರೆಂಟು ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದ್ದುದರಿಂದ ಫ್ಯಾನು ತಿರುಗುತ್ತಲೇ ಇತ್ತು. ಸಾಕೆಟ್ಟುಗಳಿಗೆ ಇನ್ವರ್ಟರಿನ ಲೈನು ಇಲ್ಲದ ಕಾರಣ ಕಂಪ್ಯೂಟರು, ಸ್ಪೀಕರು ಎರಡೂ ಆರಿದವು.

ಮರ್ವಾಳ ಕೈ ನಿಂತಿತು.

ಬಟ್ಟಲಿನತ್ತ ಹೊರಟಿದ್ದ ಬೀಜ ಮರಳಿ ಕೆನ್ನೆಗೆ ಹೋಯಿತು. ಅವಳು ಮೇಜಿನ ಕೆಳಗಿನ ಪೆಟ್ಟಿಗೆಯನ್ನು ನೋಡಿದಳು, ಟೀಚರನ್ನು ನೋಡಿದಳು, ಮತ್ತೆ ಪೆಟ್ಟಿಗೆಯನ್ನು. ಬೀಜ ಕೆನ್ನೆ ಬಿಟ್ಟು ಕದಲಲಿಲ್ಲ. ಇಷ್ಟು ತಿಂಗಳಲ್ಲಿ ಆ ಮಗು ಹಾಗೆ ಕಾದದ್ದನ್ನು ಶಹನಾಝ್ ಒಮ್ಮೆಯೂ ಕಂಡಿರಲಿಲ್ಲ.

ಕರೆಂಟು ಬಂತು. ಕಂಪ್ಯೂಟರನ್ನು ಮತ್ತೆ ಎಬ್ಬಿಸಿದ ಮೇಲೆ ಶಹನಾಝ್ ಯಾವ ಸದ್ದನ್ನೂ ಹಾಕಲಿಲ್ಲ, ದೊಡ್ಡ ಪೆಟ್ಟಿಗೆಯ ಸ್ವಿಚ್ಚು ಮಾತ್ರ ಹಾಕಿದಳು. ಬೀಜ ಬಟ್ಟಲಿಗೆ ಬಿತ್ತು. ಮಗುವಿನ ಬೆನ್ನ ಹಿಂದಿನಿಂದ ಕೈ ಚಾಚಿ ಸ್ವಿಚ್ಚು ತೆಗೆದಳು, ಕೈ ನಿಂತಿತು. ಹಾಕಿದಳು, ಬಿತ್ತು. ಆಗ ಟೀಚರಮ್ಮ ಚೂಡಿದಾರಿನ ಇಸ್ತ್ರಿ ಗಿಸ್ತ್ರಿ ನೋಡದೆ ನೆಲದ ಮೇಲೆ ಅಡ್ಡ ಬಿದ್ದು, ಮಗುವಿನ ಪಕ್ಕದಲ್ಲಿ ಚಾಪೆಗೆ ಕಿವಿಯಿಟ್ಟಳು.

ಗುಂಯ್ ಎನ್ನುತ್ತಿತ್ತು. ಸಣ್ಣದಾಗಿ, ಬಿಡದೆ, ಉಸಿರು ಕಟ್ಟಿ ಹಾಡುವವರ ಹಾಗೆ. ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಫ್ಯಾನು ತಿರುಗಿಸಿಕೊಂಡ ದೊಡ್ಡವರ ಕಿವಿಗೆ ಅದು ತಲುಪುವಂತಿರಲಿಲ್ಲ. ಪೆಟ್ಟಿಗೆಗೆ ಮೊಣಕಾಲು ತಾಗಿಸಿ ಕೂತ, ದಪ್ಪ ಸ್ವರವೊಂದನ್ನೇ ಕೇಳಬಲ್ಲ ಮಗುವಿಗೆ ಅದು ಇಡೀ ಕೋಣೆ ತುಂಬಿದ ಸದ್ದು. ಸದ್ದು ಕೇಳಿದರೆ ಬೀಜ ಹಾಕು ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಸದ್ದು ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ. ಆ ಮಗು ಒಂದು ಬೀಜವನ್ನೂ ತಪ್ಪಾಗಿ ಹಾಕಿರಲಿಲ್ಲ.

ಶಹನಾಝಳಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಅದರ ಬೆನ್ನಿಗೇ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು. ಮರ್ವಾಳನ್ನು ಎತ್ತಿ ಮುದ್ದಿಸಿ ಜಗಲಿಗೆ ಬಂದಳು.

"ಶುಕ್ರವಾರ ಕರ್ಕೊಂಡು ಬನ್ನಿ ಆರಿಫಾ. ನಿಮ್ಮ ಮಗಳಿಗೆ ಕೇಳ್ತದೆ. ತಪ್ಪು ಇದ್ದದ್ದು ನನ್ನ ಸ್ಪೀಕರಿನದ್ದು, ಅವಳದ್ದಲ್ಲ."

ಆರಿಫಾ ನಂಬಲೂ ಹೆದರಿದಳು. "ಕಾಕನ ಎದುರು ಸರಿ ಆಡ್ತಾಳಾ ಟೀಚರ್?"

"ಆಡ್ತಾಳೆ."

ಮಾತು ಕೊಟ್ಟಾಯಿತು. ಇನ್ನು ಶುಕ್ರವಾರದೊಳಗೆ ಆ ಗುಂಯ್ ಹೋಗಬೇಕು. ದೊಡ್ಡ ಪೆಟ್ಟಿಗೆಯನ್ನು ಆರಿಸಿ ಪಾಠ ಮಾಡುವಂತಿಲ್ಲ, ಏಕೆಂದರೆ ಮರ್ವಾ ಕೇಳುವುದೇ ಅದರಿಂದ. ಸಂಜೆ ಸಿದ್ದೀಕ್ ಅಂಗಡಿಯಿಂದ ಬಂದವನೇ ಮೇಜಿನ ಕೆಳಗೆ ನುಗ್ಗಬೇಕಾಯಿತು. ಸ್ಪೀಕರಿನ ವೈರನ್ನು ಕಂಪ್ಯೂಟರಿನಿಂದ ಕಿತ್ತರೆ ಗುಂಯ್ ಮಾಯ. ಅಂದರೆ ಪೆಟ್ಟಿಗೆ ಸಾಚಾ. ಮತ್ತೆ ಚುಚ್ಚಿದರೆ ಗುಂಯ್ ಹಾಜರು. ಹೊಸ ವೈರು ತಂದು ಹಾಕಿದರು, ಹಾಗೆಯೇ. ಗೆಳೆಯನ ಮನೆಯಿಂದ ಬೇರೆಯೇ ಸ್ಪೀಕರು ತಂದರು, ಅದೂ ಗುಂಯ್ ಅಂದಿತು. ಕಳ್ಳ ಕಂಪ್ಯೂಟರಿನ ಕಡೆಯಿಂದ ಬರುತ್ತಿದ್ದಾನೆ ಎಂಬುದು ಖಚಿತವಾಯಿತು. ಶಹನಾಝ್ ಕಂಪ್ಯೂಟರಿನ ಕಬ್ಬಿಣದ ಮೈಗೆ ಬೆರಳಿನ ಹಿಂಭಾಗ ತಾಗಿಸಿದಳು. ಇರುವೆ ಹರಿದಂತೆ ಜುಂ ಎಂದಿತು.

ಅವಳಿಗೆ ಆಸ್ಪತ್ರೆಯ ದಿನಗಳ ನೆನಪಾಯಿತು. ಅಲ್ಲಿ ಕಿವಿ ಪರೀಕ್ಷೆಯ ಕೋಣೆಗೆ ಬೇರೆಯೇ ಅರ್ತಿಂಗ್ ಹಾಕಿಸಿದ್ದರು. ಯಂತ್ರಗಳಿಂದ ಸೋರುವ ಕರೆಂಟು ನೆಲಕ್ಕೆ ಇಳಿದು ಹೋಗುವ ದಾರಿ ಅದು. ದಾರಿ ಸರಿಯಿಲ್ಲದಿದ್ದರೆ ಯಂತ್ರ ಗುನುಗುತ್ತದೆ ಎಂದು ಅಲ್ಲಿನ ಮೆಕ್ಯಾನಿಕ್ ಹೇಳುತ್ತಿದ್ದ.

"ಅರ್ತಿಂಗ್ ಸರಿ ಇಲ್ಲ ಅಂತ ಕಾಣ್ತದೆ," ಎಂದಳು.

ತಂದೆ ಕೇಳಿಸಿಕೊಂಡಾರೆಂದು ಸಿದ್ದೀಕ್ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದ. "ಉಪ್ಪನ ಹತ್ತಿರ ನೀನೇ ಹೇಳು ಮಾರಾಯ್ತಿ. ಅವರ ವೈರಿಂಗಿಗೆ ಹೆಸರಿಡುವ ಧೈರ್ಯ ನನಗಿಲ್ಲ."

ಇದು ನಗುವ ಮಾತಲ್ಲ. ಸೊಸೆ ಬಂದು ವರ್ಷವಾಗಿಲ್ಲ, ಮಾವನ ಜೀವಮಾನದ ಕೆಲಸದಲ್ಲಿ ಹುಳುಕು ಹುಡುಕಿದಳು ಎಂದಾದರೆ? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡರೆ? ಆದರೆ ಶಹನಾಝಳ ಕಣ್ಣ ಮುಂದೆ ಕೆನ್ನೆಗೆ ಬೀಜ ಒತ್ತಿ ಹಿಡಿದ ಮಗುವಿತ್ತು. ಬೆಳಿಗ್ಗೆ ಚಹಾದ ಹೊತ್ತಿಗೆ ಅವಳು ನೇರ ಮಾವನ ಎದುರು ಹೋಗಿ ನಿಂತಳು.

"ಉಪ್ಪಾ, ಸ್ಪೀಕರಿನಲ್ಲಿ ಒಂದು ಗುಂಯ್ ಸದ್ದು ಬರ್ತಾ ಉಂಟು. ಅರ್ತಿಂಗ್ ಒಮ್ಮೆ ನೋಡ್ತೀರಾ?"

ಅಬ್ದುಲ್ ರಹ್ಮಾನ್ ಚಹಾದ ಗ್ಲಾಸನ್ನು ಕೆಳಗಿಟ್ಟರು. "ನನ್ನ ಅರ್ತಿಂಗಾ? ಮಗಳೇ, ನಾನು ಹಾಕಿದ ಅರ್ತಿಂಗಿನಲ್ಲಿ ಒಂದು ಕಾರ್ಖಾನೆ ಓಡಿಸ್ಬಹುದು. ಇಡೀ ಪಡೀಲಿನಲ್ಲಿ—"

"ಇಂಥ ವೈರಿಂಗ್ ಇಲ್ಲ," ಎಂದು ಅಡುಗೆಮನೆಯಿಂದ ಅತ್ತೆ ಹವ್ವಮ್ಮ ಮುಗಿಸಿದರು.

"ಇಲ್ಲವೇ ಇಲ್ಲ! ಎಲ್ಲ ಸ್ಪೀಕರಿನಲ್ಲೂ ಸ್ವಲ್ಪ ಸ್ವಲ್ಪ ಇರ್ತದೆ ಅದು."

ಶಹನಾಝ್ ವಾದಕ್ಕೆ ಹೋಗಲಿಲ್ಲ. ಶಾರ್ಜಾದ ದೊಡ್ಡ ದೊಡ್ಡ ಜನರೇಟರುಗಳ ಪಕ್ಕದಲ್ಲಿ ದುಡಿದು ಮಾವನ ಕಿವಿ ಮಂದವಾಗಿದೆಯೆಂದು ಅವಳಿಗೆ ಬಂದ ವಾರದಲ್ಲೇ ಗೊತ್ತಾಗಿತ್ತು. ಅದನ್ನು ಹೇಳದಿರುವ ಜಾಣತನವೂ ಅವಳಲ್ಲಿತ್ತು. ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ, ದೊಡ್ಡ ಪೆಟ್ಟಿಗೆಯ ಮೇಲೆ ಅಂಗೈ ಇಡಲು ಹೇಳಿದಳು. ಅವರು ಇಟ್ಟರು. ಆಮೇಲೆ ವೈರು ಕಿತ್ತಳು. ಮತ್ತೆ ಚುಚ್ಚಿದಳು.

ಮುದುಕರ ಕೈ ಪೆಟ್ಟಿಗೆಯ ಮೇಲೆ ಹಾಗೇ ಇತ್ತು. ಕಿವಿ ಮೋಸ ಹೋದರೂ ಎಲೆಕ್ಟ್ರೀಷಿಯನ್ನನ ಕೈ ಮೋಸ ಹೋಗುವುದಿಲ್ಲ. ಅವರು ಹೋಗಿ ಮೀಟರ್ ತಂದರು. ಸಾಕೆಟ್ಟಿನ ಒಂದೊಂದೇ ತೂತಿಗೆ ಕಡ್ಡಿ ಚುಚ್ಚಿ ನೋಡಿದರು. ಅರ್ತಿಂಗಿನ ತೂತಿನಲ್ಲಿ ಹೆಚ್ಚೆಂದರೆ ಒಂದೆರಡು ವೋಲ್ಟು ಇರಬೇಕಾದಲ್ಲಿ ಮುಳ್ಳು ಸರ್ರನೆ ಮೇಲಕ್ಕೆ ಹಾರಿತು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅಡುಗೆಮನೆಯ ಸಾಕೆಟ್ಟಿನಲ್ಲೂ ಅದೇ. ಅವರ ಮುಖ ಕಪ್ಪಿಟ್ಟಿತು.

ಆಗಲೇ ಅವರ ಕಣ್ಣು ಹೆಂಡತಿಯ ಕಾಲಿಗೆ ಬಿದ್ದದ್ದು. ಹವ್ವಮ್ಮ ಅಡುಗೆಮನೆಯೊಳಗೆ ಹವಾಯಿ ಚಪ್ಪಲಿ ಹಾಕಿಕೊಂಡು ಫ್ರಿಡ್ಜಿನ ಬಾಗಿಲು ತೆಗೆಯುತ್ತಿದ್ದರು.

"ಒಳಗೆ ಎಂತಕ್ಕೆ ಚಪ್ಪಲಿ?"

"ಫ್ರಿಡ್ಜ್ ಮುಟ್ಟಿದ್ರೆ ಜುಂ ಅನ್ತದೆ. ಸೆಕೆ ಶುರುವಾದಂದಿನಿಂದ ಹಾಗೇ. ಚಪ್ಪಲಿ ಹಾಕಿದ್ರೆ ಏನಿಲ್ಲ."

"ಯಾ ಅಲ್ಲಾ! ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಹೇಳಿ ಯಾರು ಬೈಸಿಕೊಳ್ಳುದು? ಇಡೀ ಪಡೀಲಿನಲ್ಲಿ ಇಲ್ಲದ ವೈರಿಂಗ್ ಅಲ್ವಾ ನಿಮ್ಮದು," ಎಂದರು ಹವ್ವಮ್ಮ. ಆದರೆ ಗಂಡನ ಮುಖ ನೋಡಿ ತಕ್ಷಣ ಮೆತ್ತಗಾದರು. "ಹಾಗಲ್ಲ, ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅಬ್ದುಲ್ ರಹ್ಮಾನ್ ಸ್ವಲ್ಪ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಹಂಕಾರಕ್ಕೆ ಪೆಟ್ಟು ಬಿದ್ದದ್ದು ಹೌದು. ಆದರೆ ತಾನು ಹಾಕಿದ ಕರೆಂಟು ತನ್ನ ಹೆಂಡತಿಯ ಕೈ ಮುಟ್ಟಿತಲ್ಲ ಎಂಬುದು ಅದಕ್ಕಿಂತ ದೊಡ್ಡ ಪೆಟ್ಟು. ಎದ್ದವರೇ, "ಗುಂಡಿ ನೋಡುವ," ಎಂದು ಅಂಗಳಕ್ಕೆ ನಡೆದರು. ಮನೆಯವರೆಲ್ಲ ಹಿಂದೆ ಹೋದರು.

ಅಂಗಳದಲ್ಲಿ ಗುಂಡಿ ಇರಲಿಲ್ಲ. ಗೇಟಿನಿಂದ ಮೆಟ್ಟಿಲ ತನಕ ಕೆಂಪು, ಬೂದು ಇಂಟರ್‌ಲಾಕ್ ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಸಿದ್ದೀಕನ ಮದುವೆಗೆಂದು ಹಾಸಿದ್ದು. ಮಂಗಳೂರಿನಲ್ಲಿ ಮದುವೆ ನಿಶ್ಚಯವಾದ ಮನೆಯ ಅಂಗಳಕ್ಕೆ ಇಂಟರ್‌ಲಾಕ್ ಬೀಳುವುದು ಈಗ ಮದರಂಗಿಯಷ್ಟೇ ಕಡ್ಡಾಯ. ಅಬ್ದುಲ್ ರಹ್ಮಾನ್ ಹಿಂದೆ ಅಲ್ಲೇ ಆಳವಾದ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಿಲು, ಉಪ್ಪು ತುಂಬಿ, ಮೇಲಿನಿಂದ ನೀರು ಹಾಕಲು ಒಂದು ಪೈಪು ನಿಲ್ಲಿಸಿದ್ದರು. ಇಲ್ಲಿನದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಕೊಚ್ಚೆ, ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆ. ನೀರು ಕಾಣದಿದ್ದರೆ ಕರೆಂಟು ಆ ನೆಲಕ್ಕೆ ಇಳಿಯುವುದಿಲ್ಲ.

"ಇಂಟರ್‌ಲಾಕಿನವರು ಮುಚ್ಚಿಬಿಟ್ರಾ?" ಎಂದು ಕೇಳಿದ ಸಿದ್ದೀಕ್.

"ಅವರಲ್ಲ," ಎಂದರು ಮುದುಕರು. "ನಾನೇ ಹೇಳಿದ್ದು. ಬೀಗರು ಬರುವಾಗ ಅಂಗಳದ ಮಧ್ಯೆ ತುಕ್ಕು ಹಿಡಿದ ಪೈಪು ಯಾಕೆ, ಮುಚ್ಚಿ ಅಂತ. ಶಾರ್ಜಾದಲ್ಲಿ ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಅವತ್ತೇ ಅವನನ್ನು ಕೆಲಸದಿಂದ ಓಡಿಸ್ತಿದ್ದೆ."

ಹವ್ವಮ್ಮ ಸೊಂಟಕ್ಕೆ ಕೈಯಿಟ್ಟು ಆ ಹೊಳೆಯುವ ಕಲ್ಲುಗಳನ್ನು ನೋಡುತ್ತ ನಿಂತಿದ್ದರು.

"ಇದಕ್ಕಾ ನೀವು ಅಲ್ಲಿಂದ ಫೋನ್ ಮಾಡಿದಾಗೆಲ್ಲ 'ಅರ್ತಿಂಗಿಗೆ ನೀರು ಹಾಕಿದ್ಯಾ' ಅಂತ ಕೇಳ್ತಿದ್ದದ್ದು?"

"ಮತ್ತೆ ಎಂತಕ್ಕೆ ಅಂತ ಗ್ರಹಿಸಿದ್ದಿ?"

"ನನಗೆಂತ ಗೊತ್ತು? ಎಲ್ಲರ ಗಂಡಂದಿರು 'ಊಟ ಆಯ್ತಾ, ಹುಷಾರುಂಟಾ' ಅಂತ ಕೇಳ್ತಾರೆ. ನೀವು ಒಬ್ಬರು ಅರ್ತಿಂಗಿಗೆ ನೀರು ಅಂತೀರಿ. ನನ್ನನ್ನು ವಿಚಾರಿಸುವ ಕ್ರಮವೇ ಹೀಗೆ ಇರ್ಬೇಕು ಅಂತ ದಿನಾ ಸಂಜೆ ಅಕ್ಕಿ ತೊಳೆದ ನೀರು ಹಾಕ್ತಿದ್ದೆ. ನೀವು ಊರಿಗೆ ಬಂದ ಮೇಲೆ ಕೇಳುದು ಬಿಟ್ರಿ. ಪೈಪೂ ಕಾಣ್ಲಿಲ್ಲ, ನಾನೂ ಬಿಟ್ಟೆ."

ಅಬ್ದುಲ್ ರಹ್ಮಾನರು ಹೆಂಡತಿಯನ್ನು ನೋಡಿದ ನೋಟದಲ್ಲಿ ಏನಿತ್ತೆಂದು ಬರೆಯುವುದು ಕಷ್ಟ. ಅಷ್ಟು ವರ್ಷ ಆ ಮನೆಯ ಕರೆಂಟನ್ನು ಕಾದವಳು ಅಕ್ಕಿ ತೊಳೆದ ನೀರಿನ ಚೆಂಬು ಹಿಡಿದ ಈ ಹೆಂಗಸು ಎಂದು ಅವರಿಗೆ ಅರ್ಥವಾದದ್ದು ಆಗಲೇ. ಅದನ್ನು ಹೇಳಲು ಅವರಿಗೆ ಬರಲಿಲ್ಲ. "ಹಾರೆ ಎಲ್ಲಿ?" ಎಂದರು.

ಕೆಲಸದವರನ್ನು ಕರೆಯೋಣ ಎಂದ ಸಿದ್ದೀಕನ ಮಾತು ಯಾರಿಗೂ ಬೇಕಾಗಲಿಲ್ಲ. ಮದುವೆಯ ಫೋಟೋಗಳಲ್ಲಿ ಮಿಂಚಿದ ಆ ಕಲ್ಲುಗಳನ್ನು ಮಾವ ತಾವೇ ಮೀಟಿ ಮೀಟಿ ಎತ್ತಿದರು, ಸಿದ್ದೀಕ್ ಬದಿಗೆ ಜೋಡಿಸಿದ. ಅಡಿಯಲ್ಲಿ ಪೈಪು ಸಿಮೆಂಟು ಮೆತ್ತಿಕೊಂಡು ಬಾಯಿ ಮುಚ್ಚಿ ಕೂತಿತ್ತು. ಉಳಿಯಿಂದ ಅದನ್ನು ಬಿಡಿಸಿ, ಸಡಿಲವಾಗಿ ಕಪ್ಪುಗಟ್ಟಿದ್ದ ತಾಮ್ರದ ವೈರಿನ ತುದಿಯನ್ನು ಉಜ್ಜಿ ಬಿಗಿದು, ಉಪ್ಪು ಹಾಕಿ ನೀರು ಹೊಯ್ದರು. ನೆಲ ಕೊಡಕ್ಕೆ ಕೊಡ ಕುಡಿಯಿತು. ಏಪ್ರಿಲ್ ತಿಂಗಳಲ್ಲಿ ಬಾವಿಯ ನೀರನ್ನು ಹೀಗೆ ನೆಲಕ್ಕೆ ಸುರಿಯುವುದೇ ಎಂದು ಗೊಣಗುತ್ತಲೇ ಹವ್ವಮ್ಮ ಇನ್ನೊಂದು ಕೊಡ ಸೇದಿ ತಂದರು.

ಮಧ್ಯಾಹ್ನದ ಹೊತ್ತಿಗೆ ಮೀಟರಿನ ಮುಳ್ಳು ಇಳಿಯಿತು. ಗುಂಯ್ ಬಹುಪಾಲು ಹೋಯಿತು, ಆದರೆ ಪೂರಾ ಹೋಗಲಿಲ್ಲ. ಈಗ ಮುದುಕರಿಗೆ ಹಳೆಯ ಹುರುಪು ಮರಳಿತ್ತು. ಕಂಪ್ಯೂಟರು ಒಂದು ಗೋಡೆಯ ಬೋರ್ಡಿನಿಂದ, ಸ್ಪೀಕರು ಎದುರು ಗೋಡೆಯ ಬೋರ್ಡಿನಿಂದ ಕರೆಂಟು ಎಳೆಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಒಂದು ಮನೆಗೆ ಎರಡು ಬಾಗಿಲು ಇಟ್ಟ ಹಾಗಾಯ್ತು ಇದು. ಸೋರಿದ ಕರೆಂಟು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡ್ತದೆ, ನಡುವೆ ನಿನ್ನ ಸ್ಪೀಕರಿನ ವೈರಿನಲ್ಲಿ ಹಾಡ್ತಾ ಹೋಗ್ತದೆ," ಎಂದು ಎರಡನ್ನೂ ಒಂದೇ ಬೋರ್ಡಿಗೆ ತಂದರು. ಕರೆಂಟಿನ ವೈರಿಗೆ ಸುತ್ತಿಕೊಂಡಿದ್ದ ಸ್ಪೀಕರಿನ ತೆಳ್ಳನೆಯ ವೈರನ್ನು ಬಿಡಿಸಿ ದೂರ ಸರಿಸಿದರು.

ಶಹನಾಝ್ ಚಾಪೆಯ ಮೇಲೆ ಮಲಗಿ ಕಿವಿಯಿಟ್ಟಳು. ಮಾವನೂ ಮೊಣಕಾಲೂರಿ ಬಗ್ಗಿ, ಕೊನೆಗೆ ಮಲಗಿಯೇ ಬಿಟ್ಟು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಚಹಾ ತಂದ ಹವ್ವಮ್ಮ ಬಾಗಿಲಲ್ಲೇ ನಿಂತರು.

"ಎಂತ ಇದು, ಮಾವ ಸೊಸೆ ಇಬ್ಬರೂ ನೆಲಕ್ಕೆ ಬಿದ್ದಿದ್ದೀರಿ!"

"ಶ್!" ಎಂದರು ಇಬ್ಬರೂ ಒಟ್ಟಿಗೆ.

ಏನೂ ಇರಲಿಲ್ಲ. ಪೆಟ್ಟಿಗೆ ಕಲ್ಲಿನ ಹಾಗೆ ಮೌನವಾಗಿತ್ತು.

ಶುಕ್ರವಾರ ಜುಮಾ ಮುಗಿಸಿ, ಊಟ ಮಾಡಿ, ಹಸನಬ್ಬ ಬಂದರು. ಎತ್ತರದ ಆಳು, ಬಿಳಿ ಅಂಗಿ, ಬಿಳಿ ಮುಂಡು. ಮೀನು ಇಳಿಯುವ ಧಕ್ಕೆಯಲ್ಲಿ ಏಲಂ ಕೂಗಿ ಕೂಗಿ ದಪ್ಪಗಾದ ಸ್ವರ. ಮಗುವಿನ ಹಿಂದೆ ಗೋಡೆಗೆ ಹಾಕಿದ ಕುರ್ಚಿಯಲ್ಲಿ ಕೂತು, "ಶುರು ಮಾಡಿ ಟೀಚರ್," ಎಂದರು. ಆರಿಫಾಳನ್ನು ಇಂದು ಶಹನಾಝ್ ಒಳಗೇ ಕೂರಿಸಿಕೊಂಡಿದ್ದಳು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಪ್ರಾರ್ಥನೆಯಿರಬೇಕು.

ಕಂಪ್ಯೂಟರಿನಿಂದ 'ಮ್' ಎಂಬ ದಪ್ಪ ಸ್ವರ ಹೊರಟಿತು. ಮರ್ವಾ ಬೀಜವನ್ನು ಬಟ್ಟಲಿಗೆ ಹಾಕಿದಳು. ಇನ್ನೊಂದು ಬೀಜ ತೆಗೆದು ಕೆನ್ನೆಗೆ ಒತ್ತಿಕೊಂಡಳು. ಶಹನಾಝ್ ಏನನ್ನೂ ಹಾಕದೆ ಸುಮ್ಮನಿದ್ದಳು. ಹೊತ್ತು ಸರಿಯಿತು. ಹಸನಬ್ಬ ಕುರ್ಚಿಯಲ್ಲಿ ಮಿಸುಕಾಡಿದರು.

"ಯಾಕೆ, ಈಗ ಹಾಕುದಿಲ್ವಾ?"

"ಈಗ ಸದ್ದಿಲ್ಲ ಕಾಕಾ. ಅವಳು ಕಾಯ್ತಾ ಇದ್ದಾಳೆ."

ಹಸನಬ್ಬ ಕಿವಿಗೊಟ್ಟರು. ನಿಜ, ಸದ್ದಿರಲಿಲ್ಲ. ಮತ್ತೆ 'ಮ್' ಬಂದಾಗ ಬೀಜ ಬಿತ್ತು. 'ಊ' ಎಂದಾಗ ಬಿತ್ತು. ಎಷ್ಟು ಕಾಯಿಸಿದರೂ ಮಗು ಕಾದಳು. ಆರಿಫಾ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆದರೆ ವ್ಯಾಪಾರಿ ಅಷ್ಟಕ್ಕೆ ಒಪ್ಪುವವರಲ್ಲ. "ನಿಮ್ಮ ಕೈ ನೋಡಿ ಹಾಕ್ತಾಳೋ ಏನೋ. ಯಂತ್ರ ಬಂದ್ ಮಾಡಿ," ಎಂದರು. ಶಹನಾಝ್ ಎದ್ದು ಎಲ್ಲವನ್ನೂ ಆರಿಸಿ, ಮಗುವಿನ ಕಣ್ಣಿಗೆ ಕಾಣದ ಹಾಗೆ ಹಿಂದೆ ಸರಿದು ನಿಂತಳು.

ಹಸನಬ್ಬ ಏನು ಮಾಡುವುದೆಂದು ಯೋಚಿಸಿದರು. ಚಪ್ಪಾಳೆ ಹೊಡೆಯಲು ಕೈ ಎತ್ತಿ ಇಳಿಸಿದರು. ಆಮೇಲೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ತಮ್ಮ ದಪ್ಪ ಸ್ವರದಲ್ಲಿ, "ಮರ್ವಾ," ಎಂದರು.

ಬೀಜ ಬಟ್ಟಲಿಗೆ ಬಿತ್ತು.

"ಮರ್ವಾ."

ಇನ್ನೊಂದು ಬಿತ್ತು. ಅದು ತನ್ನ ಹೆಸರೆಂದು ಮಗುವಿಗೆ ಗೊತ್ತಿರಲಿಲ್ಲ. ಗೊತ್ತಾಗಲು ದಾರಿಯೂ ಇರಲಿಲ್ಲ. ಕೇಳದ ಮಗುವನ್ನು ಕೂಗಿ ಏನು ಪ್ರಯೋಜನವೆಂದು ಆ ಮನೆಯಲ್ಲಿ ಎಲ್ಲರೂ ಅವಳನ್ನು ಭುಜ ಮುಟ್ಟಿಯೇ ಕರೆಯುತ್ತಿದ್ದರು. ಅಷ್ಟು ಚಂದದ ಹೆಸರನ್ನು ಇಟ್ಟವರೇ ಹಸನಬ್ಬ. ಇಟ್ಟ ದಿನ ಅವಳ ಕಿವಿಯಲ್ಲಿ ಹೇಳಿದ್ದೆಷ್ಟೋ ಅಷ್ಟೆ, ಆಮೇಲೆ ಅವರೂ ಆ ಹೆಸರನ್ನು ಅವಳತ್ತ ಕೂಗಿರಲಿಲ್ಲ.

ಅವರು ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. "ಮರ್ವಾ," ಎಂದರು. ಸ್ವಲ್ಪ ಕಾದು ಮತ್ತೆ, "ಮರ್ವಾ." ಪ್ರತಿ ಸಲವೂ ಬೀಜ ಬಿತ್ತು. ಅವರು ಪರೀಕ್ಷೆ ಮಾಡುವುದನ್ನು ಎಂದೋ ಬಿಟ್ಟಿದ್ದರು, ಸುಮ್ಮನೆ ಕರೆಯುತ್ತಿದ್ದರು. ಕೊನೆಗೆ ಮಗುವಿನ ಮಡಿಲಲ್ಲಿ ಬೀಜ ಮುಗಿಯಿತು. ಅವರು ಮತ್ತೊಮ್ಮೆ ಕರೆದಾಗ ಹಾಕಲು ಏನೂ ಇಲ್ಲದೆ ಮರ್ವಾ ಬರಿಗೈಯನ್ನು ನೋಡಿಕೊಂಡಳು. ಆಮೇಲೆ ಹಿಂದೆ ತಿರುಗಿ ದೊಡ್ಡಪ್ಪನ ಮುಖ ನೋಡಿದಳು.

ಹಸನಬ್ಬ ಬಟ್ಟಲಿನ ಬೀಜಗಳನ್ನೆಲ್ಲ ಮತ್ತೆ ಅವಳ ಮಡಿಲಿಗೆ ಸುರಿದು, ಅಳುತ್ತಿದ್ದ ಆರಿಫಾಳ ಕಡೆ ತಿರುಗಿದರು.

"ಇನ್ನು ಮನೆಯಲ್ಲಿ ಯಾರೂ ಅವಳನ್ನು ಮುಟ್ಟಿ ಕರೆಯುದು ಬೇಡ," ಎಂದರು. "ಹೆಸರು ಹಿಡಿದು ಕರೀಲಿ. ಎಲ್ಲರಿಗೂ ಹೇಳು."